ಸೊಂಟಕ್ಕೆ ಪಿಸ್ತೂಲ್ ಕಟ್ಟಿದರೆ ಅಂಗಡಿ ಉಳಿಯುತ್ತಾ? ಲೈಸೆನ್ಸ್‌ಗೆ ಅರ್ಜಿ ಹಾಕುವ ಮೊದಲು ವ್ಯಾಪಾರಿಗಳು ಓದಬೇಕಾದ್ದು

ಚಡಚಣ/ಇಂಡಿ: 2025ರ ಸೆಪ್ಟೆಂಬರ್ 16ರ ಸಂಜೆ ಚಡಚಣದ ಎಸ್‌ಬಿಐ ಶಾಖೆಗೆ ಮುಸುಕುಧಾರಿಗಳು ನುಗ್ಗಿ, ನಾಡ ಪಿಸ್ತೂಲು ಮತ್ತು ಚಾಕು ತೋರಿಸಿ, ಸಿಬ್ಬಂದಿಯ ಕೈಕಾಲು ಕಟ್ಟಿ, ಸುಮಾರು 1 ಕೋಟಿ ರೂಪಾಯಿ ನಗದು ಮತ್ತು ಸುಮಾರು 20 ಕೆ.ಜಿ. ಚಿನ್ನ ದೋಚಿಕೊಂಡು ಮಹಾರಾಷ್ಟ್ರದ ಕಡೆ ಹೋದರಲ್ಲ, ಅವತ್ತಿನಿಂದ ನಮ್ಮ ಕಡೆ ಬಂಗಾರದ ಅಂಗಡಿ, ಅಡತಿ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲಿ ಹೋದರೂ ಒಂದು ಮಾತು ಕಿವಿಗೆ ಬೀಳುತ್ತೆ. "ನಮಗೂ ಒಂದು ಲೈಸೆನ್ಸ್ ಮಾಡಿಸಬೇಕ್ರೀ, ಸೊಂಟದಾಗ ಒಂದು ಇದ್ರ ಧೈರ್ಯ ಇರ್ತೈತಿ" ಅನ್ನೋ ಮಾತು.

ಈ ಹೆದರಿಕೆ ಸುಳ್ಳು ಅನ್ನೋಕಾಗಲ್ಲ. ಅದೇ ವರ್ಷ ಜನವರಿ 16ರಂದು ಬೀದರ್ ನಗರದ ನಟ್ಟನಡುವೆ, ಹಾಡಹಗಲೇ, ಬೈಕ್ ಮೇಲೆ ಬಂದ ಇಬ್ಬರು ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದರು. ಒಬ್ಬ ಕೆಲಸಗಾರನ ಜೀವ ಹೋಯ್ತು. ಮರುದಿನವೇ ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕ್ ಲೂಟಿ ಆಯ್ತು, ಅಲ್ಲೂ ಪಿಸ್ತೂಲು. ವಾರದ ಸಂತೆ ದಿನ ಲಿಂಬೆ, ಒಣದ್ರಾಕ್ಷಿ ಮಾರಿದ ರೊಕ್ಕ ಚೀಲದಾಗ ಇಟ್ಕೊಂಡು ಸಂಜೆ ಬೈಕ್ ಮೇಲೆ ಮನೆಗೆ ಹೋಗೋ ವ್ಯಾಪಾರಿಗೆ ಇದನ್ನೆಲ್ಲ ಟಿವಿಯಲ್ಲಿ ನೋಡಿದ ಮೇಲೆ ಬೆನ್ನ ಹಿಂದೆ ಬರೋ ಪ್ರತಿ ಗಾಡಿಯೂ ಅನುಮಾನದ ಗಾಡಿನೇ.

ಹಾಗಂತ ಇದೇ ಜಿಲ್ಲೆಯ ಇನ್ನೊಂದು ಪ್ರಕರಣ ಮರೆಯೋ ಹಾಗಿಲ್ಲ. ಚಡಚಣಕ್ಕಿಂತ ನಾಲ್ಕು ತಿಂಗಳು ಮೊದಲು, ಮೇ ತಿಂಗಳಲ್ಲಿ, ಮನಗೂಳಿ ಕೆನರಾ ಬ್ಯಾಂಕ್‌ನಿಂದ ಸುಮಾರು 59 ಕೆ.ಜಿ. ಚಿನ್ನ ಮಾಯವಾಯ್ತು. ಚಡಚಣದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಅಲ್ಲಿ ಒಂದೂ ಗುಂಡು ಹಾರಲಿಲ್ಲ, ಯಾರೂ ಯಾರಿಗೂ ಪಿಸ್ತೂಲು ತೋರಿಸಲಿಲ್ಲ. ಪೊಲೀಸರು ಹೇಳಿದ್ದು ನಕಲಿ ಕೀಲಿಯ ಕಥೆ, ಬಂಧಿತರಲ್ಲಿ ಆ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೂ ಇದ್ದರು. ಸೊಂಟದಲ್ಲಿ ಎರಡು ಪಿಸ್ತೂಲು ಇದ್ದಿದ್ದರೂ ಅಲ್ಲಿ ಏನೂ ಉಪಯೋಗ ಆಗ್ತಿರಲಿಲ್ಲ.

ಅದಕ್ಕೇ ಲೈಸೆನ್ಸ್ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಹಳ ಜನ ಅಂದ್ಕೊಂಡಿರೋದು ಲೈಸೆನ್ಸ್ ಸಿಗೋದೇ ಕಷ್ಟ, ಸಿಕ್ಕ ಮೇಲೆ ಎಲ್ಲ ಸಲೀಸು ಅಂತ. ಕಾನೂನು ಓದಿ ನೋಡಿದರೆ ಲೆಕ್ಕ ತಿರುಗಾಮುರುಗಾ ಇದೆ. ಅರ್ಜಿ ಹಾಕೋದು ಕಾಗದದ ಕೆಲಸ. ದಿನಾ ಅದನ್ನು ಮೈಮೇಲೆ ಇಟ್ಕೊಂಡು ತಿರುಗೋದರಲ್ಲೇ ತಪ್ಪು ಆಗೋ ಜಾಗ ಜಾಸ್ತಿ.

ಅರ್ಜಿ ಹೇಗೆ?

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳೋದು ಹಕ್ಕಲ್ಲ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಅಂಗಿ ಒಳಗೆ ಪಿಸ್ತೂಲು ಹೇಗೆ ಇಟ್ಕೋಬೇಕು ಅಂತ ಪಾಠ ಮಾಡೋ ವಿಡಿಯೋಗಳು ಬೇಕಾದಷ್ಟಿವೆ, ನಮ್ಮ ಹುಡುಗರೂ ನೋಡ್ತಾರೆ. ಅಲ್ಲಿ ಅದು ಸಂವಿಧಾನದ ಹಕ್ಕು. ಆತ್ಮರಕ್ಷಣೆಗೆ ಪಿಸ್ತೂಲನ್ನು ಮನೆ ಹೊರಗೂ ಒಯ್ಯೋದು ಆ ಹಕ್ಕಿನಲ್ಲೇ ಸೇರಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದಕ್ಕೆ ಪರ್ಮಿಟ್ಟೂ ಬೇಡ. ಇಲ್ಲಿ ನಡೆಯೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಸರ್ಕಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. "ಕೊಡಗಿನ್ಯಾಗ ಲೈಸೆನ್ಸೇ ಬೇಡಂತ, ನಮಗ್ಯಾಕ ಬೇಕು?" ಅಂತ ಕೇಳೋರೂ ಇದ್ದಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಭೀಮಾ ತೀರದವರಿಗೆ ಅದು ಅನ್ವಯ ಆಗಲ್ಲ.

ನಮ್ಮಲ್ಲಿ ಪರವಾನಗಿ ಕೊಡೋ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಪೊಲೀಸ್ ಕಮಿಷನರೇಟ್ ಇರೋ ಬೆಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಕಮಿಷನರ್. ಅರ್ಜಿದಾರನಿಗೆ 21 ವರ್ಷ ಆಗಿರಬೇಕು. ವ್ಯಾಪಾರ ಅಥವಾ ಉದ್ಯೋಗದ ಸ್ವರೂಪದಿಂದಲೇ ಜೀವಕ್ಕೆ, ಆಸ್ತಿಗೆ ರಕ್ಷಣೆ ನಿಜವಾಗಿ ಬೇಕಾಗಿದೆ ಅನ್ನೋದನ್ನು ತೋರಿಸಬೇಕು. ಬಂಗಾರದ ಅಂಗಡಿ ಇದೆ ಅಂದ ಮಾತ್ರಕ್ಕೆ ಆಗಲ್ಲ, ವಹಿವಾಟಿನ ದಾಖಲೆ, ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ಇಂಥವು ಇದ್ದರೆ ಅರ್ಜಿಗೆ ತೂಕ. ದೈಹಿಕ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು. ಬಂದೂಕನ್ನು ಸುರಕ್ಷಿತವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಸುರಕ್ಷತಾ ತರಬೇತಿ ಪಡೆದ ಪತ್ರವೂ ಬೇಕು. ಜಿಲ್ಲಾ ಪೊಲೀಸರು ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರದ ಪ್ರಕಟಣೆ ಬಂದಾಗ ಬಹಳ ಜನ ಓದಿ ಬಿಟ್ಟುಬಿಡ್ತಾರೆ, ಲೈಸೆನ್ಸ್ ಆಸೆ ಇದ್ದವರು ಮೊದಲು ಹೋಗಬೇಕಾದ್ದು ಅಲ್ಲಿಗೇ.

ಠಾಣೆಯವರು ಮನೆಗೆ, ಅಂಗಡಿಗೆ ಬಂದು ವಿಚಾರಿಸ್ತಾರೆ. ಪೊಲೀಸ್ ವರದಿ 30 ದಿನದೊಳಗೆ, ಆ ವರದಿ ಬಂದ ಮೇಲೆ 60 ದಿನದೊಳಗೆ ತೀರ್ಮಾನ ಅನ್ನೋದು ನಿಯಮ. ತಿರಸ್ಕಾರ ಆದರೆ ಮೇಲ್ಮನವಿಗೆ ಅವಕಾಶ ಇದೆ. ಮಧ್ಯದಲ್ಲಿ "ನಾ ಮಾಡಿಸಿಕೊಡ್ತೀನಿ" ಅಂತ ಬರೋರ ಕೈಗೆ ರೊಕ್ಕ ಕೊಟ್ಟು ಕೂರಬೇಡಿ. ಲೈಸೆನ್ಸ್‌ಗೆ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತೆ, ಅದಿಲ್ಲದ ಪುಸ್ತಕ ಬರೀ ಕಾಗದ.

2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಸಿನಿಮಾದಲ್ಲಿ ಕಾಣೋ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ, ಸಿಗೋದು ಹೆಚ್ಚಾಗಿ .32 ರಿವಾಲ್ವರ್ ಅಥವಾ ಪಿಸ್ತೂಲು.

ಕಾಣಿಸಿದರೇ ತಪ್ಪು

ಇಲ್ಲಿಂದ ಮುಂದಿನದು ಮುಖ್ಯ. ನಮ್ಮೂರಲ್ಲಿ ಗನ್ ಅಂದರೆ ಗತ್ತು. ಜಾತ್ರೆ, ಮದುವೆ, ರಾಜಕೀಯ ಸಭೆ, ಎಲ್ಲಿ ನೋಡಿದರೂ ಅಂಗಿ ಸ್ವಲ್ಪ ಮೇಲೆತ್ತಿ, ಹಿಡಿಕೆ ಕಾಣೋ ಹಾಗೆ ನಿಲ್ಲೋರು ಒಬ್ಬಿಬ್ಬರಾದರೂ ಇರ್ತಾರೆ. ನಾಲ್ಕು ಜನ ನೋಡಬೇಕು, ಹೆದರಬೇಕು, ಅದಕ್ಕೇ ಅವರು ತಂದಿರೋದು.

2016ರ ನಿಯಮ ಹೇಳೋದು ಇದಕ್ಕೆ ಪೂರ್ತಿ ಉಲ್ಟಾ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಒಯ್ಯುವಾಗ ಅದು ಅದಕ್ಕೆಂದೇ ಮಾಡಿದ ಚರ್ಮದ ಅಥವಾ ಗಟ್ಟಿ ಚೀಲದಲ್ಲಿ (ಹೋಲ್‌ಸ್ಟರ್ ಅಂತೀವಲ್ಲ) ಇರಬೇಕು, ಮೈಗೆ ಕಟ್ಟಿರಬೇಕು ಇಲ್ಲವೇ ಹಾಗೆಯೇ ತಯಾರಿಸಿದ ಬ್ಯಾಗ್‌ನಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಮತ್ತು ಒಯ್ಯೋನ ಹಿಡಿತದಲ್ಲೇ ಇರಬೇಕು. ಬೇರೆ ದೇಶದವರು ಮರೆಮಾಡಿ ಒಯ್ಯೋದಕ್ಕೆ ಪ್ರತ್ಯೇಕ ಅನುಮತಿ ಕೇಳ್ತಾರೆ, ನಮ್ಮಲ್ಲಿ ಮರೆಮಾಡಿ ಒಯ್ಯೋದೇ ನಿಯಮ. ಹಿಡಿಕೆ ತೋರಿಸಿಕೊಂಡು ಅಡ್ಡಾಡೋನು ಲೈಸೆನ್ಸ್ ಇದ್ದರೂ ತಪ್ಪು ಮಾಡ್ತಿದ್ದಾನೆ. ಹೊರಗೆ ತೆಗೆದು ಬೀಸೋದು, ಹೆದರಿಸೋದು, ಖಾಲಿ ಕಾಡತೂಸು ಹಾರಿಸೋದು ಕೂಡ ನಿಷೇಧ.

ಲೈಸೆನ್ಸ್ ಪುಸ್ತಕದಲ್ಲಿ ಷರತ್ತುಗಳ ಒಂದು ಪುಟ ಇರುತ್ತೆ. ಅದನ್ನು ಓದಿದೋರು ಕಡಿಮೆ ಅಂತ ನನ್ನ ಅನಿಸಿಕೆ. ಜಿಲ್ಲಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ಬಂದೂಕು ಒಯ್ಯುವಂತಿಲ್ಲ. ಅಂದರೆ ಸಿದ್ಧೇಶ್ವರ ಜಾತ್ರೆಗೆ, ಪಂಢರಪುರದ ದಿಂಡಿಗೆ, ಎಲೆಕ್ಷನ್ ಪ್ರಚಾರ ಸಭೆಗೆ, ಮಗಳನ್ನು ಕಾಲೇಜಿಗೆ ಬಿಡೋಕೆ ಒಳಗೆ ಹೋಗುವಾಗ, ಎಲ್ಲಾ ಕಡೆ ಅದು ಮನೆಯಲ್ಲೇ ಇರಬೇಕು. ಷರತ್ತು ಮುರಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಚಿಕ್ಕದು ಅನಿಸಬಹುದು, ಅದರ ಹಿಂದೆಯೇ ಲೈಸೆನ್ಸ್ ರದ್ದಾಗೋ ನೋಟಿಸ್ ಬರುತ್ತೆ.

ಮದುವೆ ವರಾತದಲ್ಲಿ ಆಕಾಶಕ್ಕೆ ಗುಂಡು ಹೊಡೆಯೋ ಚಟಕ್ಕೆ 2019ರಿಂದ ಬೇರೆಯೇ ಶಿಕ್ಷೆ ಇದೆ: ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ. ಯಾರಿಗೂ ಗುಂಡು ತಾಗದಿದ್ದರೂ ಕೇಸ್ ಆಗುತ್ತೆ.

ಧೂಳಖೇಡ ಸೇತುವೆ ದಾಟಿದರೆ?

ನಮ್ಮ ತಾಲೂಕಿನವರಿಗೆ ಇದು ದೊಡ್ಡ ತಲೆನೋವು. ಬಂಗಾರ ತರೋಕೆ, ಬಟ್ಟೆ ತರೋಕೆ, ದವಾಖಾನೆಗೆ, ಎಲ್ಲಕ್ಕೂ ಸೊಲ್ಲಾಪುರ. ಲೈಸೆನ್ಸ್ ಮೇಲೆ ವ್ಯಾಪ್ತಿ ಬರೆದಿರುತ್ತೆ. ಜಿಲ್ಲೆ ಅಂತ ಇದ್ದರೆ ಜಿಲ್ಲೆ, ಕರ್ನಾಟಕ ಅಂತ ಇದ್ದರೆ ಕರ್ನಾಟಕ. ಭೀಮಾ ನದಿ ಮೇಲಿನ ಧೂಳಖೇಡ ಸೇತುವೆ ದಾಟಿದ ಕೂಡಲೇ ಮಹಾರಾಷ್ಟ್ರ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಇಟ್ಕೊಂಡು ಆಚೆ ದಂಡೆಯಲ್ಲಿ ಸಿಕ್ಕಿಬಿದ್ದರೆ ಅಲ್ಲಿನ ಪೊಲೀಸರ ಕಣ್ಣಿಗೆ ಆ ಪಿಸ್ತೂಲಿಗೆ ಲೈಸೆನ್ಸ್ ಇಲ್ಲ. ಇಡೀ ದೇಶದ ವ್ಯಾಪ್ತಿ ಬೇಕಾದರೆ ಅದಕ್ಕೆ ಬೇರೆ ಅನುಮತಿ, ಬೇರೆ ಕಾರಣ ತೋರಿಸಬೇಕು, ಸುಲಭಕ್ಕೆ ಸಿಗಲ್ಲ. ಯೋಚಿಸಿ ನೋಡಿ: ಅತಿ ಹೆಚ್ಚು ರೊಕ್ಕ, ಬಂಗಾರ ಜೊತೆಗಿರೋ ಸೊಲ್ಲಾಪುರದ ದಾರಿಯಲ್ಲೇ ಆ ಪಿಸ್ತೂಲು ನಿಮ್ಮ ಜೊತೆ ಇರೋ ಹಾಗಿಲ್ಲ.

ಇನ್ನೊಂದು, ಅಂಗಡಿಯವರು ಮಾಡೋ ತಪ್ಪು. ಮಾಲೀಕರ ಹೆಸರಲ್ಲಿ ಲೈಸೆನ್ಸ್, ಬ್ಯಾಂಕಿಗೆ ರೊಕ್ಕ ಕಟ್ಟೋಕೆ ಹೋಗೋದು ಮಗ ಅಥವಾ ಮುನೀಮ. "ತಗೊಂಡು ಹೋಗಪ್ಪ, ಜೋಪಾನ" ಅಂತ ಕೈಗೆ ಕೊಟ್ಟು ಕಳಿಸಿದರೆ ಇಬ್ಬರೂ ಸಿಕ್ಕಿಹಾಕಿಕೊಂಡ ಹಾಗೆ. ಲೈಸೆನ್ಸ್‌ನಲ್ಲಿ ಹೆಸರಿಲ್ಲದವರು ಅದನ್ನು ಒಯ್ಯುವಂತಿಲ್ಲ, ಸ್ವಂತ ಮಗನಾದರೂ ಅಷ್ಟೇ. ಹಾಗೇ ಉತ್ತರದ ಕಡೆಯಿಂದ ಬಂದ ಗನ್‌ಮ್ಯಾನ್ ಇಟ್ಟುಕೊಳ್ಳೋರು ಅವನ ಲೈಸೆನ್ಸ್ ವ್ಯಾಪ್ತಿ ಕರ್ನಾಟಕಕ್ಕೆ ಇದೆಯಾ, ಅವಧಿ ಮುಗಿದಿದೆಯಾ ನೋಡಿ ಕೆಲಸಕ್ಕೆ ಇಟ್ಕೊಳ್ಳಿ.

ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸಬೇಕು. ಮನೆಯಲ್ಲಿದೆ, ನಾಳೆ ತರ್ತೀನಿ ಅಂದರೆ ಬಂದೂಕು ವಶಕ್ಕೆ ತಗೊಳ್ಳೋ ಅಧಿಕಾರ ಅವರಿಗಿದೆ.

ಮೈಮೇಲೆ ಇರೋವಾಗ

ಬೈಕ್ ಓಡಿಸೋರಿಗೆ ಮೊದಲು. ಪ್ಯಾಂಟಿನ ಹಿಂದೆ ಸೊಂಟಕ್ಕೆ ಹಾಗೇ ಸಿಕ್ಕಿಸಿಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ಅದು ಜಾರುತ್ತೆ. ಜಾರಿದಾಗ ಹಿಡಿಯೋಕೆ ಕೈ ಹಾಕ್ತೀವಿ, ಬೆರಳು ಟ್ರಿಗರ್ ಮೇಲೆ ಹೋಗುತ್ತೆ. ಗುಂಡು ತೊಡೆಗೋ ಹೊಟ್ಟೆಗೋ ಹೊಕ್ಕೋದು ಹೀಗೆ. ಅದಕ್ಕೇ ಟ್ರಿಗರ್ ಭಾಗ ಪೂರ್ತಿ ಮುಚ್ಚೋ, ಬೆಲ್ಟಿಗೆ ಬಿಗಿಯಾಗಿ ನಿಲ್ಲೋ ಹೋಲ್‌ಸ್ಟರ್ ಬೇಕು. ಕೀಲಿಗೊಂಚಲು, ಪೆನ್ನು, ಚಿಲ್ಲರೆ ಇರೋ ಜೇಬಲ್ಲಿ ಅದನ್ನು ಇಡಬಾರದು, ಟ್ರಿಗರ್‌ಗೆ ಏನು ಬೇಕಾದರೂ ಸಿಕ್ಕಬಹುದು. ಬೈಕಿನ ಸೈಡ್ ಬ್ಯಾಗ್, ಸ್ಕೂಟರ್ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಇವು ಯಾವುವೂ ನಿಮ್ಮ ಹಿಡಿತದಲ್ಲಿರೋ ಜಾಗ ಅಲ್ಲ. ಚಾ ಕುಡಿಯೋಕೆ ಇಳಿದು ಹೋದ ಐದು ನಿಮಿಷದಲ್ಲಿ ಕಳುವಾದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು, ಆಮೇಲೆ ಅದರಿಂದ ಯಾರಾದರೂ ಸತ್ತರೆ ಮೊದಲು ಬಾಗಿಲು ಬಡಿಯೋದು ನಿಮ್ಮದೇ.

ಕುಡಿದಾಗ ಮುಟ್ಟಬಾರದು. ಇದನ್ನು ಬಿಡಿಸಿ ಹೇಳೋ ಅಗತ್ಯ ಇಲ್ಲ ಅನ್ಕೊಂಡಿದ್ದೀನಿ, ಆದರೂ ಢಾಬಾಗಳ ಹೊರಗೆ ನಿಂತಿರೋ ಗಾಡಿ ನೋಡಿದರೆ ಹೇಳಲೇಬೇಕು ಅನಿಸುತ್ತೆ.

ಗಲ್ಲೆಯ ಡ್ರಾಯರ್‌ನಲ್ಲಿ ಇಡೋದು ಅತ್ಯಂತ ಕೆಟ್ಟ ಪದ್ಧತಿ. ಕೆಲಸದ ಹುಡುಗರಿಗೆ ಗೊತ್ತಾಗುತ್ತೆ, ಚಿಲ್ಲರೆ ತೆಗೆಯೋಕೆ ಮಕ್ಕಳು ಕೈ ಹಾಕ್ತಾರೆ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಕೈಗೆ ಸಿಕ್ಕ ಬಂದೂಕು ಹಿಡಿದು ಆಡುತ್ತಿದ್ದ ಬಾಲಕನಿಂದ ಗುಂಡು ಹಾರಿ ಕೂಲಿ ಕುಟುಂಬದ ಪುಟ್ಟ ಮಗು ಸತ್ತುಹೋಯ್ತು. ಅಲ್ಲಿ ಕಳ್ಳರೂ ಇರಲಿಲ್ಲ, ದರೋಡೆಕೋರರೂ ಇರಲಿಲ್ಲ. ಮನೆಗೆ ಬಂದ ಕೂಡಲೇ ಗುಂಡು ಬೇರೆ, ಬಂದೂಕು ಬೇರೆ ಮಾಡಿ ಬೀಗ ಹಾಕಬೇಕು, ಕೀಲಿ ಒಬ್ಬರ ಹತ್ತಿರವೇ ಇರಬೇಕು. ಮ್ಯಾಗಝೀನ್ ತೆಗೆದರೂ ನಳಿಕೆಯ ಹಿಂಭಾಗದಲ್ಲಿ ಒಂದು ಗುಂಡು ಉಳಿದಿರಬಹುದು, ಪಿಸ್ತೂಲಿನಲ್ಲಿ ಎಲ್ಲರೂ ಮರೆಯೋದು ಇದನ್ನೇ. ತರಬೇತಿಯಲ್ಲಿ ಮೊದಲು ಕಲಿಯಬೇಕಾದ್ದೂ ಇದನ್ನೇ: ಖಾಲಿ ಇದೆ ಅಂತ ಯಾರು ಹೇಳಿದರೂ ನಂಬದೆ, ಸುರಕ್ಷಿತ ದಿಕ್ಕಿಗೆ ತಿರುಗಿಸಿ, ತಾನೇ ತೆರೆದು ನೋಡೋದು.

ಹೊಡೆದರೆ ಏನಾಗುತ್ತೆ?

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಗೆ ಸಂಬಂಧಪಟ್ಟವು. ಜೀವಕ್ಕೆ ಅಪಾಯ ಇದೆ ಅನ್ನೋ ನ್ಯಾಯವಾದ ಭಯ ಇದ್ದಾಗ, ದರೋಡೆ ನಡೀತಿರುವಾಗ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ಒಳಗೆ ಬಂದಾಗ ಎದುರಾಳಿಯ ಪ್ರಾಣ ಹೋಗೋವರೆಗೂ ರಕ್ಷಣೆಯ ಹಕ್ಕು ಇದೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ, ಪೊಲೀಸರ ನೆರವು ಪಡೆಯೋಕೆ ಸಮಯ ಇದ್ದರೆ ಆ ಹಕ್ಕು ಇಲ್ಲ. ಬರೀ ಕಳ್ಳತನ, ಜೀವಭಯ ಇಲ್ಲ ಅಂದರೆ ಕೊಲ್ಲೋ ಹಕ್ಕಿಲ್ಲ. ಗಲ್ಲೆಗೆ ಕೈ ಹಾಕಿ ಓಡ್ತಿರೋ ಹುಡುಗನ ಬೆನ್ನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲೋದು ಅಂಗಡಿಯವನೇ. ಅದು ಆತ್ಮರಕ್ಷಣೆ ಆಗಿತ್ತು ಅಂತ ತೋರಿಸೋ ಹೊಣೆಯೂ ಅವನದ್ದೇ.

ಸಂಜೆ ಆರು ಗಂಟೆಗೆ ನಮ್ಮ ಬಜಾರ್ ನೋಡಿ. ಹತ್ತು ಅಡಿ ರಸ್ತೆ, ಕಾಯಿಪಲ್ಲೆ ಬಂಡಿ, ಶಾಲೆ ಮುಗಿಸಿ ಬರೋ ಹುಡುಗರು. ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತೆ? ಇನ್ನು ದರೋಡೆಗೆ ಬಂದವನು ಪಿಸ್ತೂಲು ಕೈಯಲ್ಲಿ ಹಿಡಿದೇ ಒಳಗೆ ಬರ್ತಾನೆ, ನಿಮ್ಮದು ಅಂಗಿಯ ಕೆಳಗೆ, ಹೋಲ್‌ಸ್ಟರ್‌ನ ಒಳಗೆ. ವರ್ಷಕ್ಕೊಮ್ಮೆಯೂ ಗುರಿ ಅಭ್ಯಾಸ ಮಾಡದವನು ಆ ಎರಡು ಸೆಕೆಂಡಿನಲ್ಲಿ ಗೆಲ್ಲೋದು ಸಿನಿಮಾದಲ್ಲಿ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ, ನಿರ್ದಿಷ್ಟ ಬೆದರಿಕೆ ಇರೋರಿಗೆ, ತರಬೇತಿಗೆ ಸಮಯ ಕೊಡೋರಿಗೆ ಲೈಸೆನ್ಸ್ ಸಿಗಲಿ. ಉಳಿದವರ ರೊಕ್ಕ ಒಳ್ಳೆಯ ಕ್ಯಾಮೆರಾ, ಅಲಾರಂ, ಗಟ್ಟಿ ಶಟರ್, ವಿಮೆಗೆ ಹೋಗೋದೇ ಸರಿ. ಅಂಗಡಿ ಮುಚ್ಚುವಾಗ ಅಕ್ಕಪಕ್ಕದ ನಾಲ್ಕು ಜನ ಒಟ್ಟಿಗೆ ಮುಚ್ಚಿ ಒಟ್ಟಿಗೆ ಹೊರಡೋಕೆ ಒಂದು ರೂಪಾಯಿ ಖರ್ಚಿಲ್ಲ. 112 ನಂಬರ್ ಕೆಲಸದ ಹುಡುಗರ ಫೋನಲ್ಲೂ ಇರಲಿ.

ಕಂಟ್ರಿ ಮಾಲಿನ ಮಾತು

ಲೈಸೆನ್ಸ್ ತಡ ಆಗುತ್ತೆ ಅಂದ ಕೂಡಲೇ ಕಿವಿಯಲ್ಲಿ ಪಿಸುಗುಟ್ಟೋರು ಇರ್ತಾರೆ. ಭೀಮಾ ತೀರದ ಹೆಸರು ಕೆಟ್ಟಿರೋದೇ ಈ ನಾಡ ಪಿಸ್ತೂಲುಗಳಿಂದ, ಮಧ್ಯಪ್ರದೇಶದ ಕಡೆಯಿಂದ ಬರೋ ಮಾಲಿನ ಬಗ್ಗೆ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿ ಪ್ರಕಾರ ಎರಡರಿಂದ ಐದು ವರ್ಷ ಜೈಲು. ತಯಾರಿಸೋರು, ಮಾರೋರು, ಕೊಡಿಸೋರಿಗೆ ಏಳು ವರ್ಷದಿಂದ ಜೀವಾವಧಿವರೆಗೆ. ಗುಂಡು ಹಾರದೆ ಕೈಯಲ್ಲೇ ಸಿಡಿಯೋ ಭಯ ಬೇರೆ. ಹಿಂದೆ ಯಾವ ಕೊಲೆಗೆ ಬಳಕೆಯಾಗಿತ್ತೋ ಅದೂ ಗೊತ್ತಿರಲ್ಲ, ಪ್ರಯೋಗಾಲಯದಲ್ಲಿ ಗುಂಡಿನ ಗುರುತು ಹೊಂದಿಕೆಯಾದರೆ ಆ ಕೇಸಿನ ವಿಚಾರಣೆಗೂ ನೀವೇ ಉತ್ತರ ಕೊಡಬೇಕು.

ಈಗಾಗಲೇ ಲೈಸೆನ್ಸ್ ಇರೋರಿಗೆ ಒಂದು ಕೊನೆ ವಿಷಯ. ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ ಇವತ್ತಲ್ಲ ನಾಳೆ ಬಂದೇ ಬರುತ್ತೆ. ನೀತಿ ಸಂಹಿತೆ ಜಾರಿ ಆದ ಮೇಲೆ ಬಂದೂಕು ಠಾಣೆಗೆ ಒಪ್ಪಿಸೋ ಆದೇಶ ಹೊರಡೋದು ವಾಡಿಕೆ. ಬೆದರಿಕೆ ಇದೆ, ಒಪ್ಪಿಸೋಕಾಗಲ್ಲ ಅನ್ನೋರು ಸುಮ್ಮನೆ ಮನೆಯಲ್ಲಿ ಇಟ್ಕೊಂಡು ಕೂರದೆ, ಕಾರಣ ಮತ್ತು ದಾಖಲೆ ಸಮೇತ ವಿನಾಯಿತಿಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಒಪ್ಪಿಸೋರು ಬಂದೂಕಿನ ನಂಬರ್, ಗುಂಡುಗಳ ಎಣಿಕೆ ಬರೆಸಿದ ರಸೀದಿ ತಗೊಳ್ಳದೆ ಠಾಣೆ ಮೆಟ್ಟಿಲು ಇಳಿಯಬೇಡಿ. ಚುನಾವಣೆ ಮುಗಿದ ಮೇಲೆ ವಾಪಸ್ ತರೋಕೆ ಹೋದಾಗ ಕೇಳೋದು ಆ ಚೀಟಿಯನ್ನೇ.